ಬಾಗಿಲು ತೆರೆದ ಹತ್ತು ಮನೆಗಳು

ಮಾಗಡಿಯ ರೇಷ್ಮೆ ಕಚೇರಿಯ ಸಾಹೇಬರು ಮುನಿಶಾಮಯ್ಯನವರು ಹೇಳಿದ್ದು ಇಷ್ಟೇ: "ಕಲ್ಯಕ್ಕೆ ಹೋಗಿ ಹೊಸ ಬಿಳಿ ಗೂಡಿನ ತಳಿ ಸಾಕಿರೋ ಹತ್ತು ಮನೆ ನೋಡ್ಕೊಂಡು ಬಾ. ಆ ಹತ್ತು ಮನೆ ಹೆಂಗೋ ಇಡೀ ತಾಲ್ಲೂಕು ಹಂಗೇ. ಸಂಜೆ ಒಳಗೆ ವರದಿ ಕೊಡು, ನಿನ್ನ ಕೆಲಸ ಖಾಯಂ ಮಾಡೋ ಮಾತು ಎತ್ತೀನಿ."

ಗಂಗಹನುಮಯ್ಯನಿಗೆ ಅಷ್ಟು ಸಾಕಾಗಿತ್ತು. ಚಿಕ್ಕಪೇಟೆಯಲ್ಲಿ ಹುಟ್ಟಿ, ಲೆಕ್ಕ ಓದಿ, ಮಾಗಡಿಗೆ ಮನೆ ಅಳಿಯನಾಗಿ ಬಂದಿದ್ದ ಪ್ರಾಣಿ ಅವನು. ಅತ್ತೆ ಚಿನ್ನಮ್ಮ ಹುಳು ಸಾಕುತ್ತಿದ್ದರೂ ಹುಳು ಕಂಡರೆ ಮೈ ಜುಮ್ಮೆನ್ನುವುದರಿಂದ ಆ ಕೋಣೆಯ ಕಡೆ ತಲೆ ಹಾಕಿದವನಲ್ಲ. ಕೆಲಸ ಖಾಯಂ ಆದರೆ ಬೇರೆ ಮನೆ ಮಾಡಿ, ಹೆಂಡತಿಯೊಂದಿಗೆ ತಲೆಯೆತ್ತಿ ಬಾಳಬಹುದು ಎಂಬುದೊಂದೇ ಅವನ ಆಸೆ.

ಕಲ್ಯದ ಮೊದಲ ಬಾಗಿಲಲ್ಲೇ ಅಂಕಮ್ಮ ಪೊರಕೆ ಹಿಡಿದು ಅಡ್ಡ ನಿಂತಳು. "ಒಳಕ್ಕೆ ಬರಂಗಿಲ್ಲ ಕಣಪ್ಪ, ಓಗು."

"ನಾನು ಸರ್ಕಾರದೋನು ಕಣಮ್ಮ."

"ಅಂಗಾದ್ರೆ ಜಗಲಿ ಮೇಲೂ ಕೂರಂಗಿಲ್ಲ!"

ಪಕ್ಕದ ಮನೆಯ ಬಾಗಿಲು ಇವನ ಮುಖ ನೋಡಿಯೇ ಮುಚ್ಚಿತು. ಅದರಾಚೆಯ ಮನೆಯಲ್ಲಿ ಚಿಲಕದ ಸದ್ದು ಮಾತ್ರ ಕೇಳಿಸಿತು. ಓದಿದವರಿಗೆ ಈ ಊರಲ್ಲಿ ಮೂರು ಕಾಸಿನ ಮರ್ಯಾದೆಯಿಲ್ಲ ಎಂದು ಅವನು ಬೈದುಕೊಳ್ಳುವಷ್ಟರಲ್ಲಿ ಪುಟ್ಟಲಿಂಗಯ್ಯ ಓಡೋಡಿ ಬಂದ.

"ಬನ್ನಿ ಸಾ, ಬನ್ನಿ! ಪರಿಹಾರ ಬರ್ಕೊಳ್ಳಕ್ಕೆ ಬಂದೋರಾ? ಮೊದ್ಲು ನಮ್ಮನೆ ನೋಡಿ."

ತಟ್ಟೆಗಳಲ್ಲಿ ಹುಳುಗಳು ಸೀಮೆಸುಣ್ಣದ ತುಂಡುಗಳಂತೆ ಬಿಳುಪೇರಿ ಸೆಟೆದುಕೊಂಡಿದ್ದವು. "ಸುಣ್ಣಕಟ್ಟು ರೋಗ ಸಾ. ಒಂದೂ ಉಳೀನಿಲ್ಲ" ಎಂದು ಪುಟ್ಟಲಿಂಗಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ದಾಸಮ್ಮ ಬಂದು, "ಅವ್ರುದ್ದು ಸಾಕು, ನಮ್ಮನೆಗೆ ಬನ್ನಿ ಸೋಮಿ" ಎಂದು ಕೈ ಹಿಡಿದೇ ಎಳೆದಳು. ಪರಿಹಾರದ ಸುದ್ದಿ ಬೀದಿಯೆಲ್ಲ ಹಬ್ಬಿ, ಹುಳು ಸತ್ತವರೆಲ್ಲ ಮಜ್ಜಿಗೆ ಲೋಟ ಹಿಡಿದು ಕಾದು ನಿಂತರು. ಮಧ್ಯಾಹ್ನದೊಳಗೆ ಹತ್ತು ಮನೆ ಮುಗಿದವು. ಹತ್ತರಲ್ಲೂ ಸುಣ್ಣಕಟ್ಟು.

ಗಂಗಹನುಮಯ್ಯನಿಗೆ ಆ ಜನರ ಬಗ್ಗೆ ಮರುಕವೇನೋ ಆಯಿತು. ಆದರೆ ಇಷ್ಟು ಶುದ್ಧವಾದ ಲೆಕ್ಕ ತನ್ನ ಮೇಷ್ಟರುಗಳಿಗೂ ಸಿಕ್ಕಿರಲಾರದು ಎಂದು ಒಳಗೊಳಗೇ ಖುಷಿಯೂ ಆಯಿತು.

ವರದಿ ಓದಿದ ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. "ಇಡೀ ತಾಲ್ಲೂಕೇ ಹೋಯ್ತೇನಯ್ಯಾ?"

"ಇಡೀ ತಾಲ್ಲೂಕೇ ಸಾರ್. ಅನುಮಾನವೇ ಇಲ್ಲ."

ಸಾಹೇಬರು ತಕ್ಷಣ ಬೆಂಗಳೂರಿಗೆ ಫೋನು ಮಾಡಿದರು. ಮಾತು ಮುಗಿಸಿ ಬೆನ್ನು ತಟ್ಟಿದರು. "ಭೇಷ್! ಸರಿಯಾದ ಹೊತ್ಗೆ ಹೇಳ್ದೆ. ಬಿಳಿ ಗೂಡಿನ ಯೋಜನೆ ಇವತ್ತಿಗೇ ನಿಲ್ಲಿಸಿಬಿಡ್ತಾರಂತೆ."

"ನನ್ನ ಕೆಲಸ, ಸಾರ್?"

"ಅದೂ ಆ ಯೋಜನೇದೇ ಅಲ್ವೇನಯ್ಯಾ?"

ಕಾಲೆಳೆದುಕೊಂಡು ಮನೆಗೆ ಬಂದಾಗ ಅತ್ತೆ ಹೊಸಲ ಮೇಲಿದ್ದರು. "ಯಾಕೆ ಅಳಿಯಂದ್ರೇ, ಮೊಕ ಬಾಡೋಗೈತೆ?"

"ಕಲ್ಯದಲ್ಲಿ ಹತ್ತು ಹುಳದ ಮನೆ ಹೊಕ್ಕು ಬಂದೆ ಅತ್ತೆ. ಎಲ್ಲಾ ಕಡೆ ಸುಣ್ಣಕಟ್ಟು."

ಬಾಗಿಲು ಧಡಾರನೆ ಮುಚ್ಚಿತು. "ಅಲ್ಲೇ ನಿಲ್ಲಿ! ಆ ರೋಗ ಹೊತ್ಕಂಡು ಒಳಕ್ಕೆ ಬತ್ತೀರಾ? ನಮ್ಮ ಬಿಳಿ ಗೂಡಿನ ಹುಳ ಹಣ್ಣಾಗಿ ಗೂಡಿಗೆ ಬಂದವೆ. ಗೂಡು ಕಟ್ಟೋಗಂಟ ಹೊಸಲು ತುಳೀಬ್ಯಾಡಿ."

"ಹೊಸ ತಳೀನಾ? ಚೆನ್ನಾಗಿದ್ಯಾ ಅತ್ತೆ?"

"ಚೆನ್ನಾಗಿರಾದ್ಕೇ ಬಾಗ್ಲಾಕಿರಾದು! ಹುಳ ಸತ್ತಿರೋ ಮನೆಯೋರ್ನ ಬುಟ್ರೆ ಇನ್ಯಾರು ಕಂಡೋರ್ನ ಒಳಕ್ಕೆ ಬುಟ್ಕತಾರೆ?"

ಅಂಕಮ್ಮನ ಪೊರಕೆ, ಮುಚ್ಚಿದ ಬಾಗಿಲುಗಳು, ಚಿಲಕದ ಸದ್ದು, ಎಲ್ಲವೂ ಗಂಗಹನುಮಯ್ಯನಿಗೆ ಒಟ್ಟಿಗೇ ನೆನಪಾದವು. ಅವನು ಬೀದಿಯಲ್ಲೇ ಕುಕ್ಕರಿಸಿದ. ಒಳಗಿನಿಂದ ಸೊಪ್ಪಿನ ಸಾರಿನ ವಾಸನೆ ಬರುತ್ತಿತ್ತು.

ಎದುರು ಮನೆಯ ಹೊನ್ನಯ್ಯ ಬಾಯ್ತುಂಬ ಕರೆದ. "ಅಲ್ಯಾಕೆ ಕುಂತಿದ್ದೀರಿ ಅಳಿಯಂದ್ರೇ? ನಮ್ಮನೇಗೆ ಬನ್ನಿ, ಒಸಿ ಮುದ್ದೆ ಉಣ್ಣೀರಂತೆ. ನಮ್ಮ ಹುಳ ಎಲ್ಲಾ ಹೋದ ವಾರವೇ ಸತ್ತೋದೊ, ಬಾಗ್ಲು ತೆಗೆದೇ ಐತೆ."

ಗಂಗಹನುಮಯ್ಯ ಚಪ್ಪಲಿ ಬಿಟ್ಟು ಹನ್ನೊಂದನೆಯ ಮನೆಯೊಳಕ್ಕೆ ಹೋದ.