ಒಂದು ತಲೆಗೆ ಎರಡು ಮಾತ್ರೆ

ನನ್ನ ಅಣ್ಣನಿಗೆ ತಲೆ ಎಂಬುದೊಂದು ಉಂಟೆಂದು ಊರಿಗೆ ಗೊತ್ತಾದದ್ದೇ ಅದು ನೋಯುವುದರಿಂದ! ಇಲ್ಲದಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ.

ಅಮೆರಿಕದ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಮದುವೆಯಾಗಲಿಲ್ಲ, ತಲೆನೋವನ್ನೇ ಕಟ್ಟಿಕೊಂಡ. ಕೆಲಸ ಬಿಟ್ಟು ಉಡುಪಿಗೆ ಬರುವಾಗ ಹಡಗಿನ ಡಾಕ್ಟರು ಕೊಟ್ಟ ಎರಡು ಜಾತಿಯ ಮಾತ್ರೆ ತಂದ. ಎರಡರಲ್ಲೂ ನಿದ್ದೆಯ ಮದ್ದು, ಎರಡರಲ್ಲೂ ಕಾಫಿಯ ಸತ್ವ. ನಾನು ಅಂಗಡಿಯ ಬೋರ್ಡು ಓದುವಷ್ಟೇ ಕಲಿತವಳು. ಆದರೂ ಕೇಳುತ್ತೇನೆ: ಮಲಗಿಸುವವನೂ ಎಬ್ಬಿಸುವವನೂ ಒಂದೇ ಮಾತ್ರೆಯೊಳಗಿದ್ದರೆ ನುಂಗಿದವನು ಏನು ಮಾಡಬೇಕು? ಕೂತುಕೊಳ್ಳಬೇಕೋ?

ವ್ಯತ್ಯಾಸ ಇಷ್ಟೇ. ಒಂದರಲ್ಲಿ ಆಸ್ಪಿರಿನ್, ಇನ್ನೊಂದರಲ್ಲಿ ಪ್ಯಾರಸಿಟಮಾಲ್. ಅಣ್ಣ ನುಂಗಿದ್ದಕ್ಕಿಂತ ಹೋಲಿಸಿದ್ದೇ ಹೆಚ್ಚು. ನಾನಿರುವುದು ದುಬೈಯ ಅಲ್ ಬರ್ಷಾದಲ್ಲಿ, ಮಗಳ ಫ್ಲಾಟಿನಲ್ಲಿ. ಅಲ್ಲಿಗೂ ದಿನಾ ಫೋನು.

“ಆಸ್ಪಿರಿನ್ನಿನದ್ದು ಹೊಟ್ಟೆ ಸುಡ್ತದೆ. ಮತ್ತೊಂದು ಜಾಸ್ತಿಯಾದ್ರೆ ಲಿವರಿಗೆ ಕಷ್ಟ ಅಂತೆ. ಯಾವುದು ಒಳ್ಳೇದು?”

“ಹೊಟ್ಟೆ ನಿಂದು, ಲಿವರೂ ನಿಂದು. ನಾನೆಂತ ಹೇಳುದು?”

ಫೋನು ಇಡುವಾಗ ತಲೆನೋವು ನನಗೆ!

ಉಡುಪಿಯ ಡಾಕ್ಟರು ಪಾಪ, “ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ ಹಾಗೆ ಆಗ್ತದಾ?” ಎಂದು ಕೇಳಿದರಂತೆ. ಅಣ್ಣ ಮೈ ಒರೆಸುವ ಬೈರಾಸನ್ನೇ ಮೂರು ಹೊತ್ತೂ ತಲೆಗೆ ಬಿಗಿದುಕೊಂಡಿರುವವನು.

“ಕಟ್ಟಿದ್ದೇನಲ್ಲ ಡಾಕ್ಟ್ರೇ, ಕಾಣುದಿಲ್ವಾ?”

ನೋವಿಗೆ ಬಟ್ಟೆಯೋ, ಬಟ್ಟೆಗೆ ನೋವೋ? ಇವತ್ತಿಗೂ ಇತ್ಯರ್ಥವಾಗಿಲ್ಲ.

ಹೀಗಿರುವಾಗ ನನ್ನ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಮಗಳಿಗೂ ಅಳಿಯನಿಗೂ ಡ್ಯೂಟಿ. ಆಪರೇಷನ್ ಆದ ಮೇಲೆ ಹೊತ್ತುಹೊತ್ತಿಗೆ ಕಣ್ಣಿಗೆ ಮದ್ದು ಬಿಡಲು ಜನ ಬೇಕು. ಬರುತ್ತೇನೆ ಎಂದ ಅಣ್ಣ. ಆದರೆ ಮಾತ್ರೆ ಬಿಟ್ಟು ಅವನು ಮೀನು ತರಲಿಕ್ಕೂ ಹೋದವನಲ್ಲ. ಮಗಳು ನರ್ಸು, ಫೋನಿನಲ್ಲೇ ಗದರಿಸಿದಳು.

“ಮಾಮ, ಆ ನಿದ್ದೆಮದ್ದಿಗೆ ಇಲ್ಲಿ ಭಾರೀ ಸ್ಟ್ರಿಕ್ಟು. ಡಾಕ್ಟರ ಚೀಟಿ, ಪರ್ಮಿಟ್ ಇಲ್ಲದೆ ತಂದ್ರೆ ಏರ್‌ಪೋರ್ಟಲ್ಲೇ ಖಲಾಸ್. ಅದೂ ಡೇಟ್ ಮುಗಿದ ಮಾತ್ರೆ!”

“ಎರಡರಲ್ಲಿ ಯಾವುದಕ್ಕೆ ಸ್ವಲ್ಪ ಕಡಿಮೆ?”

“ಎರಡೂ ಒಂದೇ ಮಾಮ!”

ಇಷ್ಟು ವರ್ಷದ ವ್ಯಾಜ್ಯಕ್ಕೆ ಒಂದೇ ಮಾತಿನಲ್ಲಿ ತೀರ್ಪು! ಅಣ್ಣ ಫೋನಿಟ್ಟ. ಆಮೇಲೆ ಸುದ್ದಿಯೇ ಇಲ್ಲ. “ಅವ ಬರುದಿಲ್ಲ, ಬೇರೆ ಜನ ನೋಡು” ಎಂದೆ ಮಗಳಿಗೆ.

ಬಂದ! ತಲೆಗೆ ಅದೇ ಬೈರಾಸು, ಕೈಯಲ್ಲೊಂದು ಸಣ್ಣ ಚೀಲ.

“ಮಾತ್ರೆ ಎಲ್ಲಿ?”

“ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿಟ್ಟು ಬಂದೆ. ಯಾವುದು ಒಳ್ಳೇದು ಅಂತ ಅವೇ ಜಗಳ ಮಾಡಿಕೊಳ್ಳಲಿ.”

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮದ್ದು ಬಿಡಲು ಕೂತ. ಅರ್ಧ ಮದ್ದು ಕೆನ್ನೆಗೆ.

“ಅಲುಗಬೇಡ ಮಾರಾಯ್ತಿ.”

“ಅಲುಗುದು ನಿನ್ನ ಕೈ. ತಲೆ ನೋಯ್ತದಾ?”

“ನೋಯ್ತದೆ. ನೀನು ಮೇಲೆ ನೋಡು.”

ನೋಡಿದೆ. ಪೊರೆ ಹೋದ ಕಣ್ಣಿಗೆ ಅವನ ಹಣೆ ಕಂಡಿತು. ಬೈರಾಸು ಬಿಗಿದು ಬಿಗಿದು ಉಳುಮೆಯ ಗೆರೆಯಂಥ ಗುರುತು. ಗಂಟು ಜಾರಿತ್ತು. ಬಿಚ್ಚಿ, ಮಡಚಿ, ಸರಿಯಾಗಿ ಕಟ್ಟಿಕೊಟ್ಟೆ.

“ಇದು ಅವೆರಡಕ್ಕಿಂತ…” ಎಂದು ಶುರುಮಾಡಿದ.

“ಬಾಯಿ ಮುಚ್ಚು” ಎಂದೆ. ಗಂಟು ಹಾಕಿಯಾದ ಮೇಲೂ ನನ್ನ ಕೈ ಅಲ್ಲೇ ಇತ್ತು.