ಹೆಂಡತಿಯ ಹೆಸರಿನಲ್ಲಿ ನನ್ನ ಗಂಟಲು

ದೊಡ್ಡ ಕಾಯಿಲೆ ಗೆದ್ದವನು ಧೈರ್ಯವಂತನಾಗುತ್ತಾನೆ ಎಂದು ಹೇಳುವವರಿಗೆ ದೊಡ್ಡ ಕಾಯಿಲೆ ಬಂದಿರುವುದಿಲ್ಲ. ನನಗೆ ಬಂದಿತ್ತು. ಐದು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ಗುಣವಾಗಿ, ಬೈರಿದೇವರಕೊಪ್ಪದ ಮನೆಗೆ ಮರಳಿದೆ. ಅಂದಿನಿಂದ ನನ್ನಷ್ಟು ಪುಕ್ಕಲ ನಮ್ಮ ಓಣಿಯಲ್ಲಿ ಇನ್ನೊಬ್ಬನಿಲ್ಲ.

ಓಣಿಯ ವೈದ್ಯೆ ಶಾಹೀನ ನನ್ನ ಹಳೆಯ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುವಾಗ ಮೊದಲ ಬೆಂಚಿನಲ್ಲಿ ಕೂತು ನನ್ನ ತಪ್ಪು ಹುಡುಕುತ್ತಿದ್ದವಳು. ಈಗ ಆ ಕೆಲಸಕ್ಕೆ ಒಂದು ಕಂಪ್ಯೂಟರನ್ನೂ ಇಟ್ಟುಕೊಂಡಿದ್ದಾಳೆ. ದೊಡ್ಡಾಸ್ಪತ್ರೆಯ ನನ್ನ ಕಾಗದಪತ್ರಗಳೆಲ್ಲ ಅದರೊಳಗಿವೆ. ನನ್ನ ಹೆಸರು ಒತ್ತಿದರೆ ಸಾಕು, ಪರದೆಯ ಮೇಲ್ಗಡೆ ಒಂದು ಕೆಂಪು ಪಟ್ಟಿ ಬಂದು ಹಳೆಯದನ್ನೆಲ್ಲ ನೆನಪಿಸುತ್ತದೆ. ಕಾಲಿಗೆ ಮುಳ್ಳು ಚುಚ್ಚಿತೆಂದು ಹೋದರೂ ಅವಳು ಬಾಯಿ ತೆರೆಸಿ ಗಂಟಲು ನೋಡುತ್ತಾಳೆ.

ಹೀಗಿರುವಾಗ ಯುಗಾದಿ ಕಳೆದ ಮೇಲೆ ನನಗೆ ರೊಟ್ಟಿ ನುಂಗುವುದು ಕಷ್ಟವಾಯಿತು. ಯಾರಿಗೂ ಹೇಳದೆ ಸಾರಿನಲ್ಲಿ ನೆನೆಸಿ ತಿಂದೆ. ಹೇಳಿದರೆ ಶಾಹೀನ ದೊಡ್ಡಾಸ್ಪತ್ರೆಗೆ ಅಟ್ಟುತ್ತಾಳೆ, ಅಲ್ಲಿ ಕ್ಯಾನ್ಸರ್ ಮರಳಿದೆ ಎಂದುಬಿಟ್ಟರೆ ಎಂಬ ಅಂಜಿಕೆ. ನಮ್ಮ ಕಡೆ ಒಬ್ಬರ ಬೇನೆಯನ್ನು ಇನ್ನೊಬ್ಬರು ಹೋಗಿ ಹೇಳಿ ಗುಳಿಗೆ ತರುವ ರೂಢಿ ಉಂಟಲ್ಲ, ಅದು ನನ್ನ ನೆರವಿಗೆ ಬಂತು. "ನಮ್ಮಾಕಿಗೆ ನುಂಗೂದು ತ್ರಾಸ ಆಗೇತಿ, ಏನರ ಗುಳಿಗಿ ಕೊಡವ್ವಾ" ಎಂದು ಹೆಂಡತಿಯ ಹೆಸರು ಹೇಳಿ ಶಾಹೀನಳನ್ನು ಕೇಳಿದೆ. ಕೊಟ್ಟಳು. "ಮುಂದಿನ ಸಲ ಅವರನ್ನ ಕರ್ಕೊಂಡು ಬರ್ರಿ, ಸರ್" ಎಂದೂ ಹೇಳಿದಳು. ಎರಡು ವಾರ ಬಿಟ್ಟು ಮತ್ತೆ ಒಬ್ಬನೇ ಹೋದೆ. ಈ ಸಲ ಕಂಪ್ಯೂಟರು ನನ್ನ ಹೆಂಡತಿ ಗಿರಿಜೆಯ ಹೆಸರಿಗೂ ಒಂದು ಪಟ್ಟಿ ಹಚ್ಚಿತು: ಅದೇ ದೂರು ಎರಡನೇ ಬಾರಿ, ರೋಗಿಯನ್ನು ಇನ್ನೂ ನೋಡಿಲ್ಲ. ಶಾಹೀನ ನನ್ನೆದುರೇ ಮನೆಗೆ ಫೋನು ಹಚ್ಚಿದಳು.

"ನನಗ ನುಂಗೂದು ತ್ರಾಸ? ಈಗರ ಎರಡು ಖಡಕ್ ರೊಟ್ಟಿ ತಿಂದು ಎದ್ದೇನವ್ವಾ" ಎಂಬ ಗಿರಿಜೆಯ ದನಿ ನನಗೂ ಕೇಳಿಸಿತು. ಆಮೇಲೆ ಅವಳಿಗೆ ಹೊಳೆದಿರಬೇಕು. "ಅವರು ಅಲ್ಲೇ ಅದಾರೇನು? ಕೂಡಿಸ್ಕೊ. ನಾ ಬಂದೆ."

ಶಾಹೀನ ಬೈಯಲಿಲ್ಲ. "ಸುಳ್ಳು ಲೆಕ್ಕಕ್ಕ ನೀವು ಸೊನ್ನಿ ಕೊಡ್ತಿದ್ರಿ, ಸರ್" ಎಂದಷ್ಟೇ ಅಂದು, ಕಂಪ್ಯೂಟರಿನಲ್ಲಿ ನನ್ನ ಗಂಟಲನ್ನು ಗಿರಿಜೆಯ ಹೆಸರಿನಿಂದ ನನ್ನ ಹೆಸರಿಗೆ ಸಾಗಿಸಿದಳು. ಮರುದಿನ ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ನಳಿಗೆ ಇಳಿಸಿ ನೋಡಿದರು. ಕ್ಯಾನ್ಸರ್ ಮರಳಿರಲಿಲ್ಲ. ಹಿಂದೆ ಕ್ಯಾನ್ಸರಿಗೆ ಕೊಟ್ಟ ಕರೆಂಟಿನಿಂದ, ಅಂದರೆ ವಿಕಿರಣ ಚಿಕಿತ್ಸೆಯಿಂದ, ಅನ್ನನಾಳ ಬಿಗಿದುಕೊಂಡಿತ್ತಂತೆ, ಹಿಗ್ಗಿಸಿ ಕಳುಹಿಸಿದರು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ಸ್ವಲ್ಪ ಅತ್ತೆ ಕೂಡ.

ಬರುವಾಗ ಆಟೋದಲ್ಲಿ ಗಿರಿಜೆ ನನ್ನ ಪಕ್ಕ ಕೂತಿದ್ದಳು. ಮನೆ ಹತ್ತಿರವಾದಾಗ ಮೆಲ್ಲಗೆ ಕೇಳಿದಳು: "ಬ್ಯಾನಿ ನನ್ನ ಹೆಸರಿಗೆ ಬರಸಿದ್ರಿ, ಇರ್ಲಿ. ಅಂಜಿಕಿ ಒಂದನ್ನ ಯಾಕ ನನಗ ಕೊಡಲಿಲ್ರಿ?"

ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವನು ನಾನು. ಉತ್ತರ ಬಾರದ ಹುಡುಗರು ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ತಲೆ ತಗ್ಗಿಸಿ ಕಾಲಿನ ಹೆಬ್ಬೆರಳು ನೋಡುತ್ತ ಕೂತೆ.