ಮಾವ ಕಂಡ ಕಪ್ಪು ಗಂಟು

ಗುರುಸಿದ್ದವ್ವನ ಮನೆಯಲ್ಲಿ ಆ ಸೋಮವಾರ ಬೆಳಿಗ್ಗೆ ದೇವರ ದೀಪಕ್ಕೆ ಬತ್ತಿ ಇರಲಿಲ್ಲ. ಆದದ್ದು ಇಷ್ಟೇ. ಮುದುಕಿ ತನ್ನ ಬಾಡಿಗೆದಾರ ದ್ಯಾಮಪ್ಪ ಮಾಸ್ತರನ ಕೋಣೆಗೆ ಇಣುಕಿದಳು. ಮಾಸ್ತರ ಸ್ನಾನಕ್ಕೆ ಹೋಗಿದ್ದ. ಹಲಗೆಯ ಮೇಲೆ ಸಾಲಾಗಿ ಶೀಷೆಗಳು, ಒಂದೊಂದರ ಬಾಯಿಗೂ ಬೆಳ್ಳನೆಯ ಅರಳೆ. ಇಷ್ಟು ಚಂದದ ಅರಳೆಯನ್ನು ಶೀಷೆಯ ಬಾಯಿಗೆ ತುರುಕಿ ಹಾಳು ಮಾಡ್ತಾನಲ್ಲ ಎಂದು ಮರುಗಿ, ಎಲ್ಲಕ್ಕಿಂತ ದೊಡ್ಡ ಶೀಷೆಯ ಅರಳೆ ಕಿತ್ತುಕೊಂಡು ಹೋಗಿ ಬತ್ತಿ ಹೊಸೆದಳು. ದೇವರಿಗೆ ದೀಪವಾಯಿತು, ಮಾಸ್ತರನಿಗೆ ಕತ್ತಲೆ.

ಆ ಶೀಷೆಯಲ್ಲಿ ಇದ್ದದ್ದು ಹಣ್ಣಿನ ನೊಣಗಳು. ಹಳಿಯಾಳದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ದ್ಯಾಮಪ್ಪ ಒಮ್ಮೆ ಬೇಸಿಗೆ ರಜೆಯಲ್ಲಿ ಪುಣೆಗೆ ತರಬೇತಿಗೆ ಹೋದವನು ಬರುವಾಗ ಜರಿ ಸೀರೆ ತರಲಿಲ್ಲ, ಒಂದು ಶೀಷೆ ನೊಣ ತಂದ. ಅಂದಿನಿಂದ ಬಾಳೆಹಣ್ಣು, ಬೆಲ್ಲ, ರವೆ ಕಲಸಿ ಅವಕ್ಕೆ ಉಣಿಸುವುದೇ ಅವನ ಸಂಸಾರ. ತನಗೆ ಮಾತ್ರ ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಯಿಸಿಕೊಳ್ಳಲು ಬಾರದು.

ಇನ್ಯಾವ ದಿನವಾದರೂ ನೊಣ ಹಾರಿದ್ದರೆ ಹಾರಲಿ ಅನ್ನಬಹುದಿತ್ತು. ಆದರೆ ಅಂದೇ ಸನವಳ್ಳಿಯಿಂದ ಸೋದರಮಾವ ಚನಬಸಪ್ಪ ಬರುವವನಿದ್ದ. ಮಾವನ ಮಗಳು ಗಿರಿಜಾ ದ್ಯಾಮಪ್ಪನಿಗೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ದ್ಯಾಮಪ್ಪನಿಗೂ ಅವಳೆಂದರೆ ಪ್ರಾಣ. ಆದರೆ ಅಳಿಯ ನೊಣ ಸಾಕುತ್ತಾನೆ, ಅವುಗಳ ಮರಿಹುಳುವನ್ನು ಹಗಲೆಲ್ಲ ದುರ್ಬೀನಿನಲ್ಲಿ ನೋಡುತ್ತ ಕೂರುತ್ತಾನೆ ಎಂಬ ಸುದ್ದಿ ಮುಂಡಗೋಡದ ಸಂತೆ ದಾಟಿ ಮಾವನ ಕಿವಿಗೆ ಬಿದ್ದಿತ್ತು. ಖುದ್ದು ಬಂದು ನೋಡುತ್ತೇನೆ, ಹುಡುಗನ ತಲೆ ನೆಟ್ಟಗಿದ್ದರೆ ಮದುವೆ, ಇಲ್ಲದಿದ್ದರೆ ಇಲ್ಲ ಎಂದು ಮಾವ ಹೇಳಿ ಕಳಿಸಿದ್ದ.

ದ್ಯಾಮಪ್ಪ ತಲೆ ಒರೆಸಿಕೊಳ್ಳುತ್ತ ಬಂದರೆ ಕೋಣೆಯ ತುಂಬ ನೊಣ. ಅಯ್ಯಯ್ಯೋ ಎಂದು ಕೂಗಿಕೊಂಡದ್ದೇ ತಪ್ಪಾಯಿತು, ಓಣಿಯೆಲ್ಲ ಸಹಾಯಕ್ಕೆ ಬಂತು. ಗುರುಸಿದ್ದವ್ವ ಮಾಡಿದ ಪಾಪ ತೊಳೆದುಕೊಳ್ಳಲು ಬೇವಿನ ಹಸಿ ಸೊಪ್ಪು ತಂದು ಹೊಗೆ ಹಾಕಿದಳು. ಎದುರುಗಡೆ ಬಾಳೆಹಣ್ಣಿನ ಅಂಗಡಿಯ ಪೀರಸಾಬ, ಹೊಗೆಗೆ ನೊಣ ಹೆದರುವುದಿಲ್ಲ, ಹಣ್ಣು ತೋರಿಸಿ ಹೊರಗೆ ಕರೆಯಬೇಕು ಎಂದು ಕೊಳೆತ ಹಣ್ಣಿನ ಬುಟ್ಟಿಯನ್ನೇ ತಂದು ಬಾಗಿಲಲ್ಲಿಟ್ಟ. ಒಳಗಿನವು ಒಂದೂ ಹೊರಗೆ ಹೋಗಲಿಲ್ಲ. ಬುಟ್ಟಿಯ ಬೆನ್ನು ಹತ್ತಿ ಬಂದ ಅಂಗಡಿಯ ನೊಣಗಳೂ ಒಳಗೆ ನುಗ್ಗಿದವು.

ಅದೇ ಹೊತ್ತಿಗೆ ಮೋಟಾರು ಇಳಿದು ಬಂದ ಚನಬಸಪ್ಪನಿಗೆ ಕಂಡದ್ದು ಅಳಿಯನ ಬಾಗಿಲಿನಿಂದ ಏಳುತ್ತಿದ್ದ ಹೊಗೆ. ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಕಟ್ಟೆಯ ಮೇಲಿದ್ದ ಬಿಂದಿಗೆ ಎತ್ತಿ ಒಳಗೆ ನೀರು ಸುರಿದ. ಮಾವನಿಗೆ ನಮಸ್ಕಾರ ಮಾಡಲೆಂದು ಕರಿ ಕೋಟು ತೊಟ್ಟು ಓಡಿ ಬರುತ್ತಿದ್ದ ದ್ಯಾಮಪ್ಪ ತೊಟ್ಟಿಕ್ಕುತ್ತಲೇ ಕಾಲು ಮುಟ್ಟಿದ.

ಚಹಾ ಬಂತು. ಬಟ್ಟಲಿಗೆ ಒಂದು ನೊಣ ಬಿತ್ತು, ಮಾವ ಬೆರಳಿನಿಂದ ತೆಗೆದ. ಇನ್ನೊಂದು ಬಿತ್ತು, ಅದನ್ನೂ ತೆಗೆದ. ಆಮೇಲೆ ಬಟ್ಟಲು ಕೆಳಗಿಟ್ಟು ಕೊಡೆ ಕೈಗೆ ತೆಗೆದುಕೊಂಡ.

“ನಾ ಹೊಕ್ಕೇನಪಾ ದ್ಯಾಮಾ. ಇದು ಮಗಳನ್ನ ಕೊಡೂ ಮನಿ ಅಲ್ಲ.”

ಹೋಗುವುದು ಹೇಗೂ ಹೋಗಿದೆ, ತಾನು ಹುಚ್ಚನಲ್ಲ ಎಂದಾದರೂ ತೋರಿಸಬೇಕು ಎಂಬ ಛಲ ದ್ಯಾಮಪ್ಪನಿಗೆ ಬಂತು. ಬಾಗಿಲಿಗೆ ಅಡ್ಡ ನಿಂತ.

“ಒಂದ ಸಲ ಇದರಾಗ ನೋಡ್ರಿ ಮಾವಾ. ಆಮ್ಯಾಲ ಬೇಕಾದ್ರ ಹೋಗ್ರಿ.”

ಅರಳೆ ಉಳಿದಿದ್ದ ಶೀಷೆಯೊಂದರಿಂದ ಹುಳು ತೆಗೆದು, ಓಣಿಯವರು ದುರ್ಬೀನು ಅನ್ನುತ್ತಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟ. ಮಾವ ಒಲ್ಲದ ಮನಸ್ಸಿನಿಂದ ಕಣ್ಣು ಹಚ್ಚಿದ. ಗಾಜಿನಂಥ ಮೈಯೊಳಗೆ ಕರ್ರಗೆ ಒಂದು ಗಂಟು ಕಂಡಿತು. ಇದೇನು ಎಂದು ಕೇಳಿದ. ಕೇಳಿದ್ದೇ ತಡ, ದ್ಯಾಮಪ್ಪನ ಬಾಯಿ ಕಟ್ಟೆಯೊಡೆಯಿತು. ಈ ಹುಳುವಿನ ರಕ್ತದಲ್ಲಿ ಸಣ್ಣ ಸಣ್ಣ ಕಣಗಳಿವೆ, ಊರ ತಳವಾರರ ಹಾಗೆ ಮೈಯೆಲ್ಲ ತಿರುಗಿ ಕಾವಲು ಕಾಯುವುದು ಅವುಗಳ ಕೆಲಸ. ಕೆಲವು ಹುಳುಗಳಲ್ಲಿ ಅವು ಬೇಕಾಬಿಟ್ಟಿ ಹುಟ್ಟಿ, ಕಾವಲು ಬಿಟ್ಟು ಒಂದೇ ಕಡೆ ಗುಂಪುಗೂಡಿ, ಕಪ್ಪಾಗಿ ಗಂಟು ಕಟ್ಟುತ್ತವೆ. ಇದು ಅಂಟುರೋಗವಲ್ಲ, ತಿಂದದ್ದರಿಂದ ಬಂದದ್ದೂ ಅಲ್ಲ. ಹಿರಿಯರಿಂದ ಬಂದ ಬಳುವಳಿ.

ಚನಬಸಪ್ಪ ಕೊಡೆಯನ್ನು ಮೂಲೆಗಿಟ್ಟು ಮತ್ತೆ ಬಗ್ಗಿದ. ಓಣಿಯವರು ಕಿಟಕಿಗೆ ಮುಗಿಬಿದ್ದರು. ಹಾಗಾದರೆ ಇದರ ತಾಯಿತಂದೆಗೂ ಗಂಟಿತ್ತೇ ಎಂದು ಮಾವ ಕೇಳಿದ. ಅಲ್ಲೇ ಇರುವುದು ಸ್ವಾರಸ್ಯ ಎಂದು ದ್ಯಾಮಪ್ಪ ಹಿಗ್ಗಿದ. ಅವೆರಡಕ್ಕೂ ಗಂಟಿರಲಿಲ್ಲ, ನೋಡಲು ಗಟ್ಟಿಮುಟ್ಟು. ಆದರೆ ಎರಡೂ ಒಂದೇ ಅಜ್ಜನ ಮೊಮ್ಮಕ್ಕಳು. ಅಜ್ಜನ ದೋಷ ಇಬ್ಬರ ರಕ್ತದಲ್ಲೂ ಅಡಗಿ ಕೂತಿತ್ತು. ಒಂದೇ ಕಡೆಯಿಂದ ಬಂದರೆ ಅದು ತಲೆ ಎತ್ತುವುದಿಲ್ಲ, ಎರಡೂ ಕಡೆಯಿಂದ ಬಂದಾಗ ಮಕ್ಕಳಲ್ಲಿ ಹೊರಬೀಳುತ್ತದೆ.

“ಹೊರಗಿಂದು ತಂದು ಕೂಡಿಸಿದ್ರ?” ಮಾವನ ದನಿ ಸಣ್ಣದಾಗಿತ್ತು.

ದ್ಯಾಮಪ್ಪ ಗೆದ್ದ ಪೈಲವಾನನ ಹಾಗೆ ಇನ್ನೊಂದು ಶೀಷೆ ಎತ್ತಿ ಹಿಡಿದ. ಅದರೊಳಗಿನ ಹುಳುಗಳ ತಾಯಿ ಇದೇ ಮನೆತನದ್ದು, ತಂದೆ ಮಾತ್ರ ಪೀರಸಾಬನ ಅಂಗಡಿಯಿಂದ ಹಿಡಿದು ತಂದ ನೊಣ.

“ನೋಡ್ರಿ ಮಾವಾ, ಒಂದಕ್ಕೂ ಗಂಟಿಲ್ಲ. ನನ್ನ ಮಾತು ನಂಬಬ್ಯಾಡ್ರಿ, ನಿಮ್ಮ ಕಣ್ಣೀಲೆ ನೋಡ್ರಿ.”

ಮಾವ ಒಂದೊಂದೇ ಹುಳುವನ್ನು ನೋಡಿದ. ಒಂದಕ್ಕೂ ಗಂಟಿರಲಿಲ್ಲ. ತನ್ನ ಅಂಗಡಿಯ ನೊಣದ ಕುಲಗೌರವ ಕೇಳಿ ಪೀರಸಾಬ ಎದೆಯುಬ್ಬಿಸಿ ಶಾಬಾಸ್ ಅಂದ. ಚನಬಸಪ್ಪ ಎದ್ದು ನಿಂತು, ತನ್ನ ತಲೆಯ ರೇಶಿಮೆ ರುಮಾಲು ಬಿಚ್ಚಿ, ಅಳಿಯನ ಒದ್ದೆ ತಲೆಗೆ ಸುತ್ತಿದ. ಅವನ ಕಣ್ಣಲ್ಲಿ ನೀರು ನಿಂತಿತ್ತು, ಅದು ಬೇವಿನ ಹೊಗೆಯದ್ದಾಗಿರಲಿಲ್ಲ. ಓಣಿಗೆ ಓಣಿಯೇ ಚಪ್ಪಾಳೆ ಹೊಡೆಯಿತು. ದ್ಯಾಮಪ್ಪನಿಗೆ ಆ ಗಳಿಗೆಯಲ್ಲಿ ಗಿರಿಜಾ ಅರಿಶಿನ ಹಚ್ಚಿಕೊಂಡು ಹಸೆಯ ಮೇಲೆ ಕೂತದ್ದೇ ಕಂಡಿತು. ಗುರುಸಿದ್ದವ್ವ ರೇಷನ್ನಿನಲ್ಲಿ ಸಿಕ್ಕಿದ್ದ, ಹಬ್ಬಕ್ಕೆಂದು ಮುಚ್ಚಿಟ್ಟಿದ್ದ ಸಕ್ಕರೆಯನ್ನು ತಂದು ಒಂದು ಹಿಡಿ ಅವನ ಬಾಯಿಗೇ ತುಂಬಿದಳು.

ಚನಬಸಪ್ಪ ಅಳಿಯನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ: “ಹುಚ್ಚ ಅಂದಾವ್ರ ಬಾಯಾಗ ಮಣ್ಣು ಬೀಳಲಿ. ನಮ್ಮ ದ್ಯಾಮಾ ಇವತ್ತ ನನ್ನ ವಂಶಾನ ಉಳಿಸಿದ. ನನ್ನ ಅಪ್ಪ ಅಂದ್ರ ಇವನ ತಾಯಿಗೂ ಅಪ್ಪ. ಗಿರಿಜಾಗೂ ಇವಗೂ ಅಜ್ಜ ಒಬ್ಬನ. ಕಣ್ಣಿದ್ದೂ ಭಾವಿಗೆ ಬೀಳತಿದ್ವಿ. ಕಲಘಟಗಿ ಕಡಿಂದ ಅಕಿಗೆ ಒಂದು ಹೊರಗಿನ ಸಂಬಂಧ ಕೇಳಿಕೊಂಡು ಬಂದೈತಿ. ನಾಳೆನ ಹೋಗಿ ಮಾತು ಮುಗಿಸ್ತೇನಿ. ಮದಿವಿಗೆ ನೀನ ಮುಂದ ನಿಂತು ಎಲ್ಲಾ ಮಾಡಬೇಕಪಾ.”

ಓಣಿಯವರು ತಲೆದೂಗಿದರು. ಮಾಸ್ತರ ಹೇಳಿದ ಮೇಲೆ ಮುಗಿಯಿತು ಎಂದು ಪೀರಸಾಬ ಹೇಳಿದ.

ಅಲ್ಲ ಮಾವಾ, ನೊಣದ ಮಾತು ನೊಣಕ್ಕೆ, ಮನುಷ್ಯರಿಗಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ದ್ಯಾಮಪ್ಪ ಬಾಯಿ ತೆರೆದ. ಎದುರಿಗೆ ಮಾವ, ಜೀವಮಾನದಲ್ಲಿ ತನ್ನ ವಿಜ್ಞಾನವನ್ನು ಪೂರ್ತಿ ನಂಬಿದ ಮೊದಲ ಮನುಷ್ಯ, ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದ. ದ್ಯಾಮಪ್ಪ ಸಕ್ಕರೆ ನುಂಗಿ, ಆಗಲಿ ಮಾವಾ ಅಂದ.